ಮುಚ್ಚಿದ ಚಿತ್ರಮಂದಿರ ಕುಸಿಯುವುದೇಕೆ? ಉಳಿಸುವುದು ಹೇಗೆ?

ಬಳಸಿದ ವಸ್ತು ಸವೆಯುತ್ತದೆ, ಬಳಸದೆ ಇಟ್ಟದ್ದು ಉಳಿಯುತ್ತದೆ ಎಂಬುದು ಲೋಕದ ಸಾಮಾನ್ಯ ತಿಳಿವಳಿಕೆ. ಪೆಟ್ಟಿಗೆಯಲ್ಲಿಟ್ಟ ರೇಷ್ಮೆ ಸೀರೆಗೂ ಗೂಡಿನಲ್ಲಿಟ್ಟ ಕಂಚಿನ ಪಾತ್ರೆಗೂ ಈ ಮಾತು ಒಪ್ಪುತ್ತದೆ. ಆದರೆ ಕಟ್ಟಡದ ವಿಷಯದಲ್ಲಿ ಇದು ತಲೆಕೆಳಗಾಗುತ್ತದೆ. ದಿನಕ್ಕೆ ನಾಲ್ಕು ಆಟ ನಡೆಯುತ್ತ, ಸಾವಿರಾರು ಜನರ ತುಳಿತಕ್ಕೆ ಸಿಕ್ಕ ಚಿತ್ರಮಂದಿರ ಐವತ್ತು ವರ್ಷ ಗಟ್ಟಿಯಾಗಿ ನಿಂತಿರುತ್ತದೆ. ಬಾಗಿಲಿಗೆ ಬೀಗ ಬಿದ್ದ ಮೇಲೆ ಹತ್ತೇ ಮಳೆಗಾಲಗಳಲ್ಲಿ ಅದೇ ಮಂದಿರದ ಸೂರು ಬಾಗುತ್ತದೆ, ಗೋಡೆ ಬಿರಿಯುತ್ತದೆ, ಮಾಡಿನ ಮೇಲೆ ಅರಳಿಯ ಗಿಡ ತಲೆಯೆತ್ತುತ್ತದೆ. ಇದಕ್ಕೆ ಕಾರಣವೇನು? ಇದನ್ನು ತಡೆಯಲು ಸಾಧ್ಯವೇ? ಈ ಎರಡು ಪ್ರಶ್ನೆಗಳನ್ನು ಭೌತವಿಜ್ಞಾನದ ದೃಷ್ಟಿಯಿಂದ ವಿಚಾರ ಮಾಡುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಬರಿಯ ಕುತೂಹಲದ್ದಲ್ಲ. ಮೈಸೂರು ಸೀಮೆಯ ಸಣ್ಣ ಊರುಗಳಿಗೆ ಸಿನಿಮಾ ಮೊದಲು ಬಂದದ್ದು ಟೂರಿಂಗ್ ಟಾಕೀಸುಗಳ ಡೇರೆಯಲ್ಲಿ. 1934ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನಾ’ ತೆರೆಕಂಡಿತು. ಅನಂತರದ ದಶಕಗಳಲ್ಲಿ ಡೇರೆಗಳ ಜಾಗದಲ್ಲಿ ಹೆಂಚಿನ ಅಥವಾ ತಗಡಿನ ಮಾಡಿನ ಕಾಯಂ ಮಂದಿರಗಳು ಎದ್ದವು. ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆಯಂತಹ ತಾಲ್ಲೂಕು ಕೇಂದ್ರಗಳಲ್ಲಿ ಸುತ್ತಣ ಹಳ್ಳಿಗಳ ಜನ ಜಾತಿ, ಅಂತಸ್ತುಗಳನ್ನು ಮರೆತು ಒಂದೇ ಮಾಡಿನ ಕೆಳಗೆ ಕತ್ತಲಲ್ಲಿ ಒಟ್ಟಿಗೆ ಕುಳಿತ ಸ್ಥಳಗಳು ಬಹಳವಿರಲಿಲ್ಲ. ಚಿತ್ರಮಂದಿರ ಅವುಗಳಲ್ಲಿ ಒಂದು. ದೂರದರ್ಶನ ಬಂದಿತು, ಬಹುಪರದೆಯ ಮಂದಿರಗಳು ಬಂದವು, ಕೊನೆಗೆ ಅಂಗೈಯಲ್ಲೇ ಚಿತ್ರ ಮೂಡತೊಡಗಿತು. ಏಕಪರದೆಯ ಮಂದಿರಗಳು ಒಂದೊಂದಾಗಿ ಮುಚ್ಚಿದವು. ಬೆಂಗಳೂರಿನಲ್ಲಿ 1936ರ ಪ್ಲಾಜಾ ಮೆಟ್ರೋ ರೈಲಿಗೆ ಎಡೆಬಿಟ್ಟಿತು. ಮೈಸೂರಿನಲ್ಲಿ ಶಾಂತಲಾ 2020ರಲ್ಲಿ ಬಾಗಿಲು ಹಾಕಿತು. ಮುಚ್ಚಿದ ಮಂದಿರವನ್ನು ಕೆಡವುವುದೋ, ಉಳಿಸುವುದೋ ಎಂಬುದನ್ನು ಊರಿನವರು ತೀರ್ಮಾನಿಸುವ ಮೊದಲೇ ಮಳೆ ತೀರ್ಮಾನಿಸಿಬಿಡುವುದುಂಟು. ಆದುದರಿಂದ ಮೊದಲು ಮಳೆಯ ಕೆಲಸವನ್ನು ಅರಿಯೋಣ.

ಗೋಡೆಯನ್ನು ಏರುವ ನೀರು

ಗಾಜಿನ ಸಣ್ಣ ಕೊಳವೆಯೊಂದನ್ನು ನೀರಿನಲ್ಲಿ ನೆಟ್ಟಗೆ ನಿಲ್ಲಿಸಿದರೆ ಕೊಳವೆಯೊಳಗೆ ನೀರು ಹೊರಗಿನ ಮಟ್ಟಕ್ಕಿಂತ ಮೇಲೇರುತ್ತದೆ. ಇದನ್ನು ಕೇಶಾಕರ್ಷಣ ಎನ್ನುತ್ತೇವೆ. ಕೊಳವೆ ಸಣ್ಣದಾದಷ್ಟೂ ನೀರು ಎತ್ತರಕ್ಕೆ ಹೋಗುತ್ತದೆ. ಲೆಕ್ಕ ಸುಲಭ. ಕೊಳವೆಯ ತ್ರಿಜ್ಯ ಒಂದು ಮಿಲಿಮೀಟರಿನ ಹತ್ತನೆಯ ಒಂದು ಭಾಗವಾದರೆ ನೀರು ಸುಮಾರು 15 ಸೆಂಟಿಮೀಟರ್ ಏರುತ್ತದೆ. ನೂರನೆಯ ಒಂದು ಭಾಗವಾದರೆ ಸುಮಾರು ಒಂದೂವರೆ ಮೀಟರ್. ಇಟ್ಟಿಗೆಯೂ ಗಾರೆಯೂ ಇಂತಹ ಅಸಂಖ್ಯಾತ ಸೂಕ್ಷ್ಮ ಕೊಳವೆಗಳ ಕಂತೆಗಳೇ. ಬುನಾದಿಯ ಬಳಿ ನೀರು ನಿಂತರೆ ಗೋಡೆ ಅದನ್ನು ದೀಪದ ಬತ್ತಿ ಎಣ್ಣೆಯನ್ನು ಹೀರುವಂತೆ ಹೀರುತ್ತದೆ.

ಹೀಗೆ ಏರಿದ ನೀರು ಗೋಡೆಯ ಮೈಯಿಂದ ಆವಿಯಾಗುತ್ತಲೂ ಇರುತ್ತದೆ. ಏರುವ ನೀರೂ ಆರುವ ನೀರೂ ಸಮವಾಗುವ ಎತ್ತರದಲ್ಲಿ ಒಂದು ತೇವದ ಗೆರೆ ಮೂಡುತ್ತದೆ. ಹಳೆಯ ಮನೆಗಳ ಗೋಡೆಯಲ್ಲಿ ಸೊಂಟದೆತ್ತರದ ಕಂದು ಪಟ್ಟಿಯನ್ನು ವಾಚಕರು ನೋಡಿರಬಹುದು. ನೀರು ಆವಿಯಾಗಿ ಹೋಗುತ್ತದೆ. ಅದು ನೆಲದಿಂದ ಕರಗಿಸಿ ತಂದ ಲವಣಗಳು ಹೋಗುವುದಿಲ್ಲ. ಅವು ಗೋಡೆಯ ರಂಧ್ರಗಳಲ್ಲಿ ಹರಳುಗಟ್ಟುತ್ತವೆ. ಬೆಳೆಯುವ ಹರಳು ತನ್ನ ಸುತ್ತಲನ್ನು ಒತ್ತುತ್ತದೆ. ಮಳೆಗಾಲದಲ್ಲಿ ಕರಗಿ, ಬೇಸಗೆಯಲ್ಲಿ ಮತ್ತೆ ಹರಳಾಗಿ, ವರ್ಷವರ್ಷವೂ ಒತ್ತಿದಾಗ ಇಟ್ಟಿಗೆಯ ಮೈ ಪುಡಿಪುಡಿಯಾಗಿ ಉದುರುತ್ತದೆ. ಗೋಡೆಗೆ ಸವಳು ಹಿಡಿಯಿತು ಎಂದು ಮೇಸ್ತ್ರಿಗಳು ಹೇಳುವುದು ಇದನ್ನೇ.

ಇಲ್ಲಿ ಸುಣ್ಣದ ಗುಣವನ್ನು ಹೇಳಬೇಕು. ಸುಣ್ಣದ ಕಲ್ಲನ್ನು ಸುಮಾರು 900 ಡಿಗ್ರಿಗೆ ಕಾಯಿಸಿದರೆ ಅದರಲ್ಲಿರುವ ಇಂಗಾಲದ ಡೈಆಕ್ಸೈಡ್ ಹೊರಟು ಸುಟ್ಟ ಸುಣ್ಣ ಉಳಿಯುತ್ತದೆ. ನೀರು ಹಾಕಿದರೆ ಅರಳುತ್ತದೆ. ಗಾರೆಯಾಗಿ ಗೋಡೆಗೆ ಬಳಿದ ಮೇಲೆ ಗಾಳಿಯಿಂದ ಅದೇ ಇಂಗಾಲದ ಡೈಆಕ್ಸೈಡನ್ನು ನಿಧಾನವಾಗಿ ಹೀರಿ ಮತ್ತೆ ಕಲ್ಲಾಗುತ್ತದೆ. ಸುಣ್ಣದ ಗಾರೆಯಲ್ಲಿ ರಂಧ್ರಗಳು ಬಹಳ. ಗೋಡೆಯ ತೇವ ಅದರ ಮೂಲಕ ಹೊರಗೆ ಹೋಗಬಲ್ಲದು. ಕೂದಲೆಳೆಯ ಬಿರುಕುಗಳನ್ನು ಅದು ಕಾಲಕ್ರಮದಲ್ಲಿ ತಾನೇ ಮುಚ್ಚಿಕೊಳ್ಳುವುದೂ ಉಂಟು. ಇಂತಹ ಗೋಡೆಗೆ ‘ಗಟ್ಟಿಯಾಗಲಿ’ ಎಂದು ಸಿಮೆಂಟಿನ ಗಿಲಾವು ಹೊಡೆದರೆ ಏನಾಗುತ್ತದೆ? ತೇವ ಹೊರಬರುವ ದಾರಿ ಕಟ್ಟಿಹೋಗುತ್ತದೆ. ನೀರು ಇನ್ನೂ ಎತ್ತರಕ್ಕೆ ಏರುತ್ತದೆ. ಹರಳುಗಳು ಗಿಲಾವಿನ ಹಿಂದೆ, ಇಟ್ಟಿಗೆಯೊಳಗೇ ಬೆಳೆಯುತ್ತವೆ. ಹೊರಗೆ ನುಣುಪು, ಒಳಗೆ ಹುಡಿ. ಒಳ್ಳೆಯ ಉದ್ದೇಶದಿಂದ ಮಾಡಿದ ದುರಸ್ತಿಯೇ ಗೋಡೆಗೆ ಮುಳುವಾಗುತ್ತದೆ.

ಬೀಗ ಹಾಕಿದ ಗಾಳಿ

ಎರಡನೆಯ ಶತ್ರು ಕಣ್ಣಿಗೆ ಕಾಣದು. ಗಾಳಿ ಬಿಸಿಯಾದಷ್ಟೂ ಹೆಚ್ಚು ನೀರಾವಿಯನ್ನು ಧರಿಸಬಲ್ಲದು. 25 ಡಿಗ್ರಿಯಲ್ಲಿ ಒಂದು ಘನ ಮೀಟರ್ ಜಾಗದಲ್ಲಿ ಗರಿಷ್ಠ 23 ಗ್ರಾಂ, 20 ಡಿಗ್ರಿಯಲ್ಲಿ ಸುಮಾರು 17 ಗ್ರಾಂ ಆವಿ ಇರಬಹುದು. 24 ಮೀಟರ್ ಉದ್ದ, 14 ಮೀಟರ್ ಅಗಲ, 7 ಮೀಟರ್ ಎತ್ತರದ ಒಂದು ಸಾಧಾರಣ ಮಂದಿರವನ್ನು ಊಹಿಸಿಕೊಳ್ಳೋಣ. ಅದರ ಗಾತ್ರ 2352 ಘನ ಮೀಟರ್. ಮಳೆಗಾಲದ ಒಂದು ಮಧ್ಯಾಹ್ನ 25 ಡಿಗ್ರಿಯ, ಆವಿ ತುಂಬಿದ ಗಾಳಿ ಅದರೊಳಗೆ ಸಿಕ್ಕಿಕೊಂಡು, ರಾತ್ರಿ 20 ಡಿಗ್ರಿಗೆ ತಣಿದರೆ ಸುಮಾರು 13 ಲೀಟರ್ ನೀರು ಗೋಡೆ, ತೊಲೆ, ಕುರ್ಚಿ, ತೆರೆಗಳ ಮೇಲೆ ಇಬ್ಬನಿಯಾಗಿ ಇಳಿಯಬೇಕು. ಮಾಡಿನಲ್ಲಿ ಒಂದೂ ತೂತಿಲ್ಲದಿದ್ದರೂ ಮಂದಿರ ಒಳಗಿನಿಂದ ನೆನೆಯುತ್ತದೆ.

ನಡೆಯುತ್ತಿರುವ ಮಂದಿರದಲ್ಲಿ ಬೀಸಣಿಗೆ ತಿರುಗುತ್ತದೆ, ಬಾಗಿಲು ತೆರೆದು ಮುಚ್ಚುತ್ತದೆ, ತೇವ ಹೊರಗೆ ಹೋಗುತ್ತದೆ. ಮುಚ್ಚಿದ ಮಂದಿರದಲ್ಲಿ ಅದು ಅಲ್ಲೇ ನಿಲ್ಲುತ್ತದೆ. ಮರದಲ್ಲಿ ತೇವದ ಪ್ರಮಾಣ ಅದರ ಒಣತೂಕದ ನೂರಕ್ಕೆ 20ನ್ನು ಮೀರಿದರೆ ಕೊಳೆಸುವ ಶಿಲೀಂಧ್ರಗಳು ಬೇರೂರಬಲ್ಲವು. ತೇವ ಹಿಡಿದ ಮೆತು ಮರ ಗೆದ್ದಲಿಗೂ ಹಿತ. ಹುಣಸೂರು, ಹೆಗ್ಗಡದೇವನಕೋಟೆಗಳು ನಾಗರಹೊಳೆಯ ಕಾಡಿನ ಅಂಚಿನ ತಾಲ್ಲೂಕುಗಳು. ಮಳೆಗಾಲದ ತಿಂಗಳುಗಳಲ್ಲಿ ಇಲ್ಲಿ ಬಟ್ಟೆ ಒಣಗಿಸುವುದೇ ಕಷ್ಟವೆಂಬುದನ್ನು ಮನೆಮನೆಯವರೂ ಬಲ್ಲರು. ಹಳೆಯ ತೇಗದ ತೊಲೆ ಬಹುಕಾಲ ತಡೆಯುತ್ತದೆ. ಆದರೆ ಗೋಡೆಯೊಳಗೆ ಹುದುಗಿದ ತೊಲೆಯ ತುದಿಗೆ ಗಾಳಿಯಾಡುವುದಿಲ್ಲ. ಕೊಳೆತ ಅಲ್ಲಿಂದಲೇ ಮೊದಲಾಗುತ್ತದೆ. ನಡುಭಾಗ ಗಟ್ಟಿಯಾಗಿ ಕಂಡರೂ ಹೊರೆಯನ್ನು ಗೋಡೆಗೆ ದಾಟಿಸುವ ತುದಿ ಇಲ್ಲದಾಗಿರುತ್ತದೆ. ಹಳೆಯ ಮಾಡುಗಳು ಮುನ್ಸೂಚನೆಯಿಲ್ಲದೆ ಬಿದ್ದಂತೆ ತೋರುವುದಕ್ಕೆ ಇದೊಂದು ಮುಖ್ಯ ಕಾರಣ.

ಕಬ್ಬಿಣದ ಕಥೆಯೂ ಹೀಗೆಯೇ. ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಎರಡರಿಂದ ಆರು ಪಟ್ಟು ಹೆಚ್ಚು ಸ್ಥಳವನ್ನು ಬೇಡುತ್ತದೆ. ಕಾಂಕ್ರೀಟಿನೊಳಗಿನ ಸಲಾಕಿಗೆ ತುಕ್ಕು ಹಿಡಿದರೆ ಅದು ಸುತ್ತಣ ಕಾಂಕ್ರೀಟನ್ನು ಒಳಗಿನಿಂದಲೇ ಸೀಳುತ್ತದೆ. ಇದಲ್ಲದೆ ಕಬ್ಬಿಣ ಬಿಸಿಲಿಗೆ ಹಿಗ್ಗುತ್ತದೆ. 14 ಮೀಟರ್ ಉದ್ದದ ಉಕ್ಕಿನ ಮಾಡುಗಟ್ಟು ರಾತ್ರಿಯ ತಂಪಿನಿಂದ ತಗಡಿನಡಿಯ ಮಧ್ಯಾಹ್ನದ ಕಾವಿಗೆ 40 ಡಿಗ್ರಿ ಏರಿದರೆ ಸುಮಾರು 7 ಮಿಲಿಮೀಟರ್ ಉದ್ದವಾಗುತ್ತದೆ. ಬಲ್ಲ ಎಂಜಿನಿಯರು ಒಂದು ತುದಿಯನ್ನು ಜಾರುವಂತೆ ಬಿಟ್ಟಿರುತ್ತಾನೆ. ಆ ತುದಿ ತುಕ್ಕಿನಿಂದ ಕಚ್ಚಿಕೊಂಡರೆ ಆ 7 ಮಿಲಿಮೀಟರನ್ನು ಗೋಡೆಯೇ ತಾಳಬೇಕು. ದಿನಕ್ಕೊಂದು ಸಲ ತಳ್ಳು, ದಿನಕ್ಕೊಂದು ಸಲ ಸೆಳೆತ. ಗೋಡೆ ಬಿರಿಯದೆ ಏನು ಮಾಡೀತು?

ಹೀಗೆ ನೋಡಿದರೆ ನಮ್ಮ ಮೊದಲ ಪ್ರಶ್ನೆಗೆ ಉತ್ತರ ದೊರೆಯಿತು. ಬಳಕೆ ಕಟ್ಟಡವನ್ನು ಸವೆಸುತ್ತದೆ, ನಿಜ. ಆದರೆ ಬಳಸುವವರು ಗಾಳಿಯಾಡಿಸುತ್ತಾರೆ, ಗುಡಿಸುತ್ತಾರೆ, ಒಡೆದ ಹೆಂಚನ್ನು ಕಂಡ ದಿನವೇ ಬದಲಿಸುತ್ತಾರೆ. ಮುಚ್ಚಿದ ಮಂದಿರದಲ್ಲಿ ಒಂದು ಹೆಂಚು ಸರಿದರೆ ರೀಪು ಕೊಳೆಯುತ್ತದೆ. ರೀಪು ಕೊಳೆತರೆ ಹತ್ತು ಹೆಂಚು ಜಾರುತ್ತವೆ. ಹತ್ತು ಹೆಂಚು ಜಾರಿದರೆ ತೊಲೆ ನೆನೆಯುತ್ತದೆ. ಕೇಡು ಕೂಡುತ್ತ ಹೋಗುವುದಿಲ್ಲ, ಗುಣಿಸುತ್ತ ಹೋಗುತ್ತದೆ.

ಮೈಸೂರಿನ ಎಚ್ಚರಿಕೆ, ಎರಡು ನಗರಗಳ ನಿದರ್ಶನ

ಈ ಮಾತುಗಳು ಪುಸ್ತಕದ ಮಾತುಗಳಲ್ಲವೆಂಬುದಕ್ಕೆ ಮೈಸೂರು ನಗರವೇ ಸಾಕ್ಷಿ. ಅಲ್ಲಿಯ ಲ್ಯಾನ್ಸ್‌ಡೌನ್ ಕಟ್ಟಡ ಹತ್ತೊಂಬತ್ತನೆಯ ಶತಮಾನದ ಕೊನೆಯದು. 2012ರ ಆಗಸ್ಟ್ ತಿಂಗಳಲ್ಲಿ ಅದರ ಒಂದು ಭಾಗ ಕುಸಿದು ನಾಲ್ವರು ಪ್ರಾಣ ಕಳೆದುಕೊಂಡರು. 2016ರ ಆಗಸ್ಟ್ ತಿಂಗಳಲ್ಲಿ ದೇವರಾಜ ಮಾರುಕಟ್ಟೆಯ ಒಂದು ಭಾಗ ಬಿದ್ದಿತು. ಎರಡೂ ಅಂಗಡಿಗಳಿಂದ ತುಂಬಿದ್ದ ಕಟ್ಟಡಗಳು. ಬಳಕೆಯೊಂದೇ ಸಾಲದು, ಆರೈಕೆಯೂ ಬೇಕು ಎಂಬುದನ್ನು ಇವು ಕಲಿಸುತ್ತವೆ. ಎರಡೂ ಬಿದ್ದದ್ದು ಆಗಸ್ಟಿನಲ್ಲಿ ಎಂಬುದನ್ನು ವಾಚಕರು ಗಮನಿಸಬೇಕು. ನೆನೆದ ಗೋಡೆಯ ತೂಕ ಹೆಚ್ಚು, ಬಲ ಕಡಿಮೆ.

ಉಳಿಸಿದ ನಿದರ್ಶನಗಳೂ ಇವೆ. ಮುಂಬಯಿಯ ರಾಯಲ್ ಅಪೆರಾ ಹೌಸನ್ನು 1911ರಲ್ಲಿ ಐದನೆಯ ಜಾರ್ಜ್ ದೊರೆ ಉದ್ಘಾಟಿಸಿದನು. ನಾಟಕ, ಸಂಗೀತಗಳ ಮನೆಯಾಗಿದ್ದ ಅದು ಮುಂದೆ ಚಿತ್ರಮಂದಿರವಾಯಿತು, 1993ರಲ್ಲಿ ಮುಚ್ಚಿತು. ವಾಸ್ತುಶಿಲ್ಪಿ ಆಭಾ ನಾರಾಯಣ್ ಲಾಂಬಾ ಅವರ ಮಾರ್ಗದರ್ಶನದಲ್ಲಿ ವರ್ಷಗಳ ಕಾಲ ಜೀರ್ಣೋದ್ಧಾರ ನಡೆದು 2016ರ ಅಕ್ಟೋಬರಿನಲ್ಲಿ ಮತ್ತೆ ತೆರೆಯಿತು. 2017ರಲ್ಲಿ ಯುನೆಸ್ಕೋ ಪ್ರಶಸ್ತಿಯನ್ನೂ ಪಡೆಯಿತು. ನಮ್ಮ ಬೆಂಗಳೂರಿನ ಬ್ರಿಗೇಡ್ ರಸ್ತೆಯ ಮೂಲೆಯ ಅಪೆರಾ ಹೌಸ್ ಕೂಡ ರಂಗಮಂದಿರವಾಗಿ, ಚಿತ್ರಮಂದಿರವಾಗಿ ಬಾಳಿ, ಬಹುಕಾಲ ಪಾಳುಬಿದ್ದಿತ್ತು. ಸ್ಯಾಮ್‌ಸಂಗ್ ಸಂಸ್ಥೆ ಅದನ್ನು ಜೀರ್ಣೋದ್ಧಾರ ಮಾಡಿ 2018ರ ಸೆಪ್ಟೆಂಬರಿನಲ್ಲಿ ತನ್ನ ಯಂತ್ರಸಾಧನಗಳ ಪ್ರದರ್ಶನಾಲಯವಾಗಿ ತೆರೆಯಿತು. ಚಿತ್ರ ತೋರಿಸದ ಚಿತ್ರಮಂದಿರ ಉಳಿದಂತೆಯೇ ಎಂದು ಕೆಲವರು ಕೇಳಬಹುದು. ಪ್ರಶ್ನೆ ನ್ಯಾಯವಾದದ್ದೇ. ಆದರೆ ಗೋಡೆ ನಿಂತಿದ್ದರೆ ಮುಂದಿನ ತಲೆಮಾರು ಅದರ ಉಪಯೋಗವನ್ನು ಬದಲಿಸಿಕೊಳ್ಳಬಹುದು; ಗೋಡೆಯೇ ಬಿದ್ದರೆ ಪ್ರಶ್ನೆಯೇ ಉಳಿಯುವುದಿಲ್ಲ.

ಧ್ವನಿಯ ಲೆಕ್ಕ

ತಾಲ್ಲೂಕು ಕೇಂದ್ರದ ಮಂದಿರಕ್ಕೆ ದೊಡ್ಡ ಕಂಪನಿ ಬರಲಾರದು. ಅಲ್ಲಿ ಅದು ಸಭಾಭವನವಾಗಿ, ನಾಟಕಶಾಲೆಯಾಗಿ, ಶಾಲಾ ಕಾಲೇಜುಗಳ ಸಮಾರಂಭದ ಮನೆಯಾಗಿ, ವಾರಕ್ಕೊಮ್ಮೆ ಚಿತ್ರ ತೋರಿಸುವ ಸ್ಥಳವಾಗಿ ಬಾಳಬೇಕು. ಶಿವಮೊಗ್ಗ ಜಿಲ್ಲೆಯ ಹೆಗ್ಗೋಡು ಒಂದು ಹಳ್ಳಿ. ಅಲ್ಲಿ 1949ರಲ್ಲಿ ಹುಟ್ಟಿದ ನೀನಾಸಂ ಸಂಸ್ಥೆ ನಾಟಕದ ಜೊತೆಗೆ ಜಗತ್ತಿನ ಶ್ರೇಷ್ಠ ಚಿತ್ರಗಳನ್ನೂ ಹಳ್ಳಿಗರಿಗೆ ತೋರಿಸಿತು. ಹಳ್ಳಿಯಲ್ಲಿ ಆದದ್ದು ತಾಲ್ಲೂಕು ಕೇಂದ್ರದಲ್ಲಿ ಆಗಬಾರದೆಂದೇನೂ ಇಲ್ಲ.

ಆದರೆ ಮಾಡು, ಗೋಡೆಗಳು ಗಟ್ಟಿಯಾದರೆ ಸಾಲದು; ಆಡಿದ ಮಾತು ಕೇಳಿಸಬೇಕು. ಇಲ್ಲಿ ಒಂದು ಪ್ರಸಿದ್ಧ ಪ್ರಯೋಗವನ್ನು ನೆನೆಯಬೇಕು. 1895ರಲ್ಲಿ ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯ ಫಾಗ್ ಕಲಾಶಾಲೆಯ ಹೊಸ ಉಪನ್ಯಾಸ ಭವನವನ್ನು ಕಟ್ಟಿಸಿತು. ಅಲ್ಲಿ ಉಪನ್ಯಾಸಕರ ಒಂದು ಪದ ಮುಗಿಯುವ ಮೊದಲೇ ಮತ್ತೊಂದು ಅದರೊಡನೆ ಕಲಸಿ, ಯಾರಿಗೂ ಏನೂ ತಿಳಿಯುತ್ತಿರಲಿಲ್ಲ. ವ್ಯಾಲೇಸ್ ಸೇಬೈನ್ ಎಂಬ ತರುಣ ಭೌತವಿಜ್ಞಾನ ಅಧ್ಯಾಪಕನಿಗೆ ಇದನ್ನು ಸರಿಪಡಿಸುವ ಕೆಲಸ ಬಿದ್ದಿತು. ಅವನು ನೆರೆಯ ನಾಟಕಶಾಲೆಯ ಆಸನದ ಮೆತ್ತೆಗಳನ್ನು ರಾತ್ರಿಯ ವೇಳೆ ಹೊತ್ತು ತಂದು ಭವನದಲ್ಲಿ ಹರಡಿ, ಕೊಳವೆಯ ನಾದವೊಂದು ನಿಂತ ಮೇಲೆ ಎಷ್ಟು ಸೆಕೆಂಡು ಕೇಳಿಸುವುದೆಂದು ಅಳೆದನು. ಮೆತ್ತೆ ಹೆಚ್ಚಿದಷ್ಟೂ ಅನುರಣನ ಕುಗ್ಗಿತು. ಅವನು ಕಂಡುಕೊಂಡ ನಿಯಮ ಸರಳವಾದದ್ದು: ಕೋಣೆಯ ಗಾತ್ರವನ್ನು ಘನ ಮೀಟರಿನಲ್ಲಿ ಅಳೆದು 0.161ರಿಂದ ಗುಣಿಸಿ, ಒಟ್ಟು ಹೀರಿಕೆಯಿಂದ ಭಾಗಿಸಿದರೆ ಅನುರಣನದ ಕಾಲ ಸೆಕೆಂಡುಗಳಲ್ಲಿ ಬರುತ್ತದೆ. ಹೀರಿಕೆ ಎಂದರೆ, ಶಬ್ದವನ್ನು ಪೂರ್ತಿ ನುಂಗಿಬಿಡುವ ತೆರೆದ ಕಿಟಕಿಗೆ ಸಮನಾದ ಚದರ ಮೀಟರುಗಳು.

ನಮ್ಮ ಊಹೆಯ ಮಂದಿರಕ್ಕೆ ಇದನ್ನು ಅನ್ವಯಿಸೋಣ. ಗಾತ್ರ 2352, 0.161ರಿಂದ ಗುಣಿಸಿದರೆ ಸುಮಾರು 379. ಕುರ್ಚಿ, ತೆರೆಗಳೆಲ್ಲ ಹೋಗಿ ಬರಿಯ ಗಿಲಾವು, ನೆಲ ಉಳಿದಿವೆಯೆಂದು ಇಟ್ಟುಕೊಳ್ಳೋಣ. ಒಟ್ಟು ಮೇಲ್ಮೈ 1204 ಚದರ ಮೀಟರ್; ಅದು ನೂರಕ್ಕೆ 5ರಷ್ಟು ಶಬ್ದವನ್ನು ಹೀರಿದರೆ ಹೀರಿಕೆ 60. ಅನುರಣನ 6 ಸೆಕೆಂಡಿಗೂ ಹೆಚ್ಚು! ಬಾವಿಯಲ್ಲಿ ಮಾತನಾಡಿದಂತೆ. 400 ಜನ ಬಂದು ಕುಳಿತರೆ, ಒಬ್ಬೊಬ್ಬರದು 0.45ರಂತೆ 180 ಸೇರಿ ಹೀರಿಕೆ 240 ಆಗುತ್ತದೆ, ಅನುರಣನ 1.6 ಸೆಕೆಂಡಿಗೆ ಇಳಿಯುತ್ತದೆ. ಮಾತಿಗೂ ಚಿತ್ರಕ್ಕೂ ಸುಮಾರು ಒಂದು ಸೆಕೆಂಡು ಹಿತ. ಉಳಿದ 140ರಷ್ಟು ಹೀರಿಕೆಯನ್ನು ಹಿಂಬದಿಯ ಗೋಡೆಗೂ ಪಕ್ಕದ ಗೋಡೆಗಳಿಗೂ ತೆಂಗಿನ ನಾರಿನ ಹಲಗೆ, ದಪ್ಪ ತೆರೆಗಳನ್ನು ಹೊದಿಸಿ ತುಂಬಬಹುದು. ಇವು ಗೋಡೆಯಿಂದ ಒಂದಿಷ್ಟು ದೂರದಲ್ಲಿ, ಹಿಂದೆ ಗಾಳಿಯಾಡುವಂತೆ ಇರಬೇಕು. ಆಗ ಶಬ್ದವೂ ಚೆನ್ನಾಗಿ ಹೀರುತ್ತದೆ, ಗೋಡೆಯೂ ಉಸಿರಾಡುತ್ತದೆ.

ಬೆಂಕಿ ಮತ್ತು ಬಾಗಿಲು

ಉಳಿಸುವ ಉತ್ಸಾಹದಲ್ಲಿ ಮರೆಯಬಾರದ ಒಂದು ಮಾತಿದೆ. 1989ರ ಫೆಬ್ರವರಿ 8ರಂದು ಮೈಸೂರಿನ ಪ್ರೀಮಿಯರ್ ಸ್ಟುಡಿಯೋದಲ್ಲಿ ಚಿತ್ರೀಕರಣದ ನಡುವೆ ಬೆಂಕಿ ಬಿದ್ದು 62 ಮಂದಿ ಸತ್ತರು. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ 59 ಮಂದಿ ಹೊಗೆಗೆ ಸಿಕ್ಕಿ ಸತ್ತರು. ಹೊರಗೆ ಹೋಗುವ ದಾರಿಗಳು ಕಟ್ಟಿದ್ದವು. ಹಳೆಯ ಮಂದಿರದ ತಂತಿಗಳನ್ನೆಲ್ಲ ಕಿತ್ತು ಹೊಸದಾಗಿ ಎಳೆಯದೆ, ಹೊರಕ್ಕೆ ತೆರೆಯುವ ಅಗಲವಾದ ಬಾಗಿಲುಗಳಿಲ್ಲದೆ ಜನರನ್ನು ಒಳಗೆ ಕೂರಿಸುವುದು ಅಪರಾಧ. ಯಂತ್ರದ ಕೋಣೆಯಲ್ಲಿ ಹಳೆಯ ಸುರುಳಿಗಳಿದ್ದರೆ ತಾವಾಗಿ ಮುಟ್ಟದೆ ತಿಳಿದವರಿಗೆ ಹೇಳಬೇಕು. 1950ರ ದಶಕದ ಆರಂಭದವರೆಗೆ ಬಳಕೆಯಲ್ಲಿದ್ದ ನೈಟ್ರೇಟ್ ಸುರುಳಿಗೆ ಬೆಂಕಿ ಹತ್ತಿದರೆ ನೀರಿನಿಂದಲೂ ಆರದು. ಮಾಡಿನಲ್ಲಿ ಆಸ್ಬೆಸ್ಟಾಸ್ ಹಲಗೆಗಳಿದ್ದರೆ ಒಡೆಯಬಾರದು, ಕೊರೆಯಬಾರದು. ಅದರ ಹುಡಿ ಶ್ವಾಸಕೋಶಕ್ಕೆ ವಿಷ.

ಎಲ್ಲಿಂದ ಮೊದಲು ಮಾಡಬೇಕು?

ಹಣ ಕಡಿಮೆಯಿದ್ದಾಗ ಕ್ರಮವೇ ಮುಖ್ಯ. ಮೊದಲು ಮಾಡು: ಒಡೆದ ಹೆಂಚು, ಕಟ್ಟಿಕೊಂಡ ನೀರಿನ ದೋಣಿ. ಎರಡನೆಯದು ನೆಲ: ಗೋಡೆಯ ಬುಡದಲ್ಲಿ ನೀರು ನಿಲ್ಲದಂತೆ ಚರಂಡಿ. ಮೂರನೆಯದು ಗಾಳಿ: ಎದುರುಬದುರು ಕಿಟಕಿಗಳಿಗೆ ಜಾಲರಿ ಹಾಕಿ ತೆರೆದಿಡುವುದು. ನಾಲ್ಕನೆಯದು ಅರಳಿ, ಆಲದ ಸಸಿಗಳು. ಇವನ್ನು ಎಳೆಯದಾಗಿರುವಾಗಲೇ ತೆಗೆಯಬೇಕು. ಬಲಿತ ಬೇರನ್ನು ಎಳೆದರೆ ಗೋಡೆಯೇ ಕಿತ್ತುಬರುತ್ತದೆ. ಇಷ್ಟು ಮಾಡಿದರೆ ಮಂದಿರ ತೀರ್ಮಾನಕ್ಕಾಗಿ ಕಾಯಬಲ್ಲದು. ಗಿಲಾವು, ಬಣ್ಣ, ದೀಪಾಲಂಕಾರಗಳು ಕೊನೆಗೆ. ನಮ್ಮಲ್ಲಿ ಬಹುಮಟ್ಟಿಗೆ ಬಣ್ಣದಿಂದ ಆರಂಭಿಸುತ್ತಾರೆ. ಹಣ ಮುಗಿದಾಗ ಮಾಡು ಸೋರುತ್ತಲೇ ಇರುತ್ತದೆ.

ವಿದ್ಯಾರ್ಥಿಗಳು ಏನು ಮಾಡಬಹುದು? ಮಾಲೀಕರ ಅನುಮತಿ ಪಡೆದು, ಹಿರಿಯರೊಬ್ಬರೊಡನೆ, ಮಾಡಿನ ಕೆಳಗೆ ಹೋಗದೆ ಹೊರಗಿನಿಂದಲೇ ಬಹಳಷ್ಟನ್ನು ಅಳೆಯಬಹುದು. ಗೋಡೆಯ ತೇವದ ಗೆರೆಯನ್ನು ತಿಂಗಳಿಗೊಮ್ಮೆ ಅಳತೆಪಟ್ಟಿಯಿಂದ ಅಳೆದು ಬರೆದಿಡಿ. ಮೇಸ್ತ್ರಿಯ ತೂಕದ ಗುಂಡಿನಿಂದ ಗೋಡೆ ವಾಲಿದೆಯೇ ನೋಡಿ. ಬಿರುಕಿನ ಎರಡು ದಡಗಳಿಗೂ ಅಂಟುವಂತೆ ತೆಳುವಾದ ಗಾಜಿನ ಪಟ್ಟಿಯನ್ನು ಗಾರೆಯಿಂದ ಕೂರಿಸಿ ದಿನಾಂಕ ಬರೆಯಿರಿ. ಗಾಜು ಒಡೆದರೆ ಬಿರುಕು ಬೆಳೆಯುತ್ತಿದೆ, ಎಂಜಿನಿಯರನ್ನು ಕೂಡಲೇ ಕರೆಯಬೇಕು. ಒಡೆಯದೆ ವರ್ಷ ಕಳೆದರೆ ಅದು ಹಳೆಯ ಗಾಯ. ಒಂದೇ ಸ್ಥಳದಿಂದ ತಿಂಗಳಿಗೊಂದು ಛಾಯಾಚಿತ್ರ ತೆಗೆಯಿರಿ. ಒಂದು ವರ್ಷದ ಇಂತಹ ದಾಖಲೆ ಪುರಸಭೆಯ ಮುಂದೆ ನೂರು ಭಾಷಣಗಳಿಗಿಂತ ಹೆಚ್ಚು ಮಾತನಾಡುತ್ತದೆ.

ಎಲ್ಲ ಹಳೆಯ ಮಂದಿರಗಳನ್ನೂ ಉಳಿಸಬೇಕೆಂದು ನಾವು ಹೇಳುವುದಿಲ್ಲ. ತೊಲೆಯ ತುದಿಗಳು ಕೊಳೆತು, ಗೋಡೆ ವಾಲಿದ ಕಟ್ಟಡವನ್ನು ಜನರ ಪ್ರಾಣದ ದೃಷ್ಟಿಯಿಂದ ಇಳಿಸಬೇಕಾಗಿ ಬರಬಹುದು. ಆದರೆ ಆ ತೀರ್ಮಾನವನ್ನು ಅಳತೆ ನೋಡಿ ನಾವು ಮಾಡಬೇಕು. ಒಡೆದ ಒಂದು ಹೆಂಚಿಗೆ ಬಿಟ್ಟುಕೊಡಬಾರದು. ಮುಂಗಾರಿನ ಮೊದಲ ಮಳೆಗೆ ಮುಂಚೆ ಆ ಹೆಂಚನ್ನು ಬದಲಿಸಲು ಬೇಕಾದದ್ದು ಒಂದು ಏಣಿ, ಒಬ್ಬ ಕೆಲಸಗಾರ, ಅರ್ಧ ದಿನ.